ದ್ವಿತೀಯ ಪಿಯು ಬಯಾಲಜಿ: ಕೊನೇ ದಿನಗಳ ಓದಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುವವಳು. ಪರೀಕ್ಷೆ ಹತ್ತಿರ ಬಂದ ಹಾಗೆ ಮಕ್ಕಳು ಕೇಳುವ ಪ್ರಶ್ನೆಗಳು ಪ್ರತಿ ವರ್ಷವೂ ಹೆಚ್ಚುಕಡಿಮೆ ಅವೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಪೂರ್ತಿ ಓದಬೇಕಾಗಿಲ್ಲ. ನಿಮಗೆ ಬೇಕಾದ ಪ್ರಶ್ನೆ ನೋಡಿಕೊಂಡು ಪುಸ್ತಕಕ್ಕೆ ವಾಪಸ್ ಹೋಗಿ.

ಇನ್ನು ಮೂರೇ ದಿನ ಇದೆ ಮೇಡಂ. ಸಿಲೆಬಸ್ ಪೂರ್ತಿ ಮುಗಿಸೋಕೆ ಆಗುತ್ತಾ?

ಮೊದಲ ಪುಟದಿಂದ ಕೊನೇ ಪುಟದವರೆಗೆ ಓದಿ ಮುಗಿಸೋಕೆ ಆಗಲ್ಲ. ಆ ಪ್ರಯತ್ನವೂ ಬೇಡ. ಹಾಗೆ ಶುರು ಮಾಡಿದವರು ಮೊದಲ ಅಧ್ಯಾಯದ ಹೂವಿನಲ್ಲೇ ಒಂದು ದಿನ ಕಳೆಯುತ್ತಾರೆ. ಬಯೋಟೆಕ್ನಾಲಜಿ, ಇಕಾಲಜಿ ಕೈಗೇ ಸಿಗದೆ ಉಳಿಯುತ್ತವೆ.

ಆದರೆ ಪರೀಕ್ಷೆಗೆ ಸಿದ್ಧರಾಗೋಕೆ ಮೂರು ದಿನ ಕಮ್ಮಿ ಸಮಯವೇನಲ್ಲ. ವರ್ಷವಿಡೀ ಕ್ಲಾಸಿನಲ್ಲಿ ಕೂತಿದ್ದೀರಿ, ಪ್ರಿಪರೇಟರಿ ಬರೆದಿದ್ದೀರಿ. ತಲೆಯಲ್ಲಿ ಏನೂ ಇಲ್ಲ ಅನ್ನಿಸೋದು ಭಯಕ್ಕೆ. ಈಗ ಒಂದು ಕೆಲಸ ಮಾಡಿ. ಪುಸ್ತಕ ಮುಚ್ಚಿಟ್ಟು 13 ಅಧ್ಯಾಯಗಳ ಹೆಸರು ಬರೆಯಿರಿ. ಪ್ರತಿ ಹೆಸರಿನ ಕೆಳಗೆ ಗೊತ್ತಿರುವುದನ್ನು ಎರಡು ಮೂರು ಸಾಲು ಬರೆಯಿರಿ. ಪೆನ್ನು ಎಲ್ಲಿ ನಿಂತಿತೋ ಅಲ್ಲಿಂದ ಓದು ಶುರು ಮಾಡಿ. ಚೆನ್ನಾಗಿ ಗೊತ್ತಿರುವ ಪಾಠವನ್ನೇ ಮತ್ತೆ ಓದಿದರೆ ಮನಸ್ಸಿಗೆ ಸಮಾಧಾನ ಆಗುತ್ತದೆ, ಅಂಕ ಜಾಸ್ತಿ ಆಗಲ್ಲ.

ನನ್ನ ಹತ್ತಿರ ಅಕ್ಕನ ಹಳೇ ಗೈಡ್ ಇದೆ. ಅದರಲ್ಲಿ ಅಧ್ಯಾಯಗಳು ಜಾಸ್ತಿ ಇವೆಯಲ್ಲ?

ಹೌದು. ಎನ್‌ಸಿಇಆರ್‌ಟಿ ಪಠ್ಯವನ್ನು ಕಡಿಮೆ ಮಾಡಿದಾಗ ಮೂರು ಅಧ್ಯಾಯ ಪೂರ್ತಿ ಹೋದವು. ಜೀವಿಗಳ ಸಂತಾನೋತ್ಪತ್ತಿಯ ಮೊದಲ ಪಾಠ, ಆಹಾರ ಉತ್ಪಾದನೆ ಹೆಚ್ಚಿಸುವ ಪಾಠ, ಪರಿಸರ ಸಮಸ್ಯೆಗಳ ಪಾಠ. ಉಳಿದ ಪಾಠಗಳಲ್ಲೂ ಅಲ್ಲಲ್ಲಿ ಕೆಲವು ಭಾಗ ತೆಗೆದಿದ್ದಾರೆ. ಹಳೇ ಗೈಡ್, ಹಳೇ ಪ್ರಶ್ನೆಪತ್ರಿಕೆ ಬಳಸಿ, ತೊಂದರೆ ಇಲ್ಲ. ಆದರೆ ಈ ವರ್ಷದ ಪಠ್ಯಪುಸ್ತಕ ಪಕ್ಕದಲ್ಲೇ ಇರಲಿ. ಅದರಲ್ಲಿ ಇಲ್ಲದ ಪ್ರಶ್ನೆ ಬಂದರೆ ಬಿಟ್ಟು ಮುಂದೆ ಹೋಗಿ.

ಓದಿದ್ದು ತಲೆಯಲ್ಲಿ ನಿಲ್ಲೋದೇ ಇಲ್ಲ. ಏನು ಮಾಡಲಿ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಬಹಳ ಸಲ ಓದುವ ರೀತಿಯಲ್ಲೇ ತೊಂದರೆ ಇರುತ್ತದೆ. ಒಂದೇ ಪುಟವನ್ನು ನಾಲ್ಕು ಸಲ ಓದಿದಾಗ ಸಾಲುಗಳು ಪರಿಚಯ ಆಗಿಬಿಡುತ್ತವೆ. ಪರಿಚಯ ಆದದ್ದನ್ನೇ ನಾವು ಬಂತು ಅಂದುಕೊಳ್ಳುತ್ತೇವೆ. ಪರೀಕ್ಷೆಯಲ್ಲಿ ಪುಟ ಎದುರಿಗೆ ಇರಲ್ಲ. ಖಾಲಿ ಹಾಳೆ ಇರುತ್ತದೆ. ಹಾಗಾಗಿ ಖಾಲಿ ಹಾಳೆ ಮುಂದೆಯೇ ಅಭ್ಯಾಸ ಆಗಬೇಕು.

ಒಂದು ವಿಷಯ ಓದಿ, ಉದಾಹರಣೆಗೆ ಋತುಚಕ್ರ. ಪುಸ್ತಕ ಮುಚ್ಚಿ. ಯಾವ ಹಂತದಲ್ಲಿ ಯಾವ ಹಾರ್ಮೋನ್ ಏರುತ್ತದೆ, ಎಲ್‌ಎಚ್ ಹಾರ್ಮೋನ್ ಏರಿದಾಗ ಏನಾಗುತ್ತದೆ, ಅಂಡ ಬಿಡುಗಡೆಯಾದ ಮೇಲೆ ಕಾರ್ಪಸ್ ಲೂಟಿಯಂ ಏನು ಮಾಡುತ್ತದೆ, ನೆನಪಿಗೆ ಬಂದಷ್ಟು ಬರೆಯಿರಿ. ಆಮೇಲೆ ಪುಸ್ತಕ ತೆಗೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ನೀವು ಮತ್ತೆ ಓದಬೇಕಾಗಿರೋದು ಆ ಬಣ್ಣದ ಸಾಲುಗಳನ್ನು ಮಾತ್ರ.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ ನೋಡಿದರು. ಕೆಲವರು ಒಂದು ಬರಹವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಎರಡು ದಿನ, ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ಇದರಿಂದ ನಮಗೆ ಎರಡು ವಿಷಯ ಗೊತ್ತಾಗುತ್ತದೆ. ದಿನಗಳು ಕೈಯಲ್ಲಿರುವಾಗ ಮುಚ್ಚಿ ಬರೆಯಿರಿ. ಪರೀಕ್ಷೆಯ ದಿನ ಬೆಳಿಗ್ಗೆ ಮಾತ್ರ ಸುಮ್ನೆ ಕಣ್ಣಾಡಿಸಿದರೆ ಸಾಕು.

ಯಾವ ಅಧ್ಯಾಯ ಮೊದಲು ಹಿಡಿಯಲಿ?

ಅನುವಂಶೀಯತೆಯ ಎರಡು ಪಾಠಗಳು. ಮೆಂಡೆಲ್ ಇರುವ ಪಾಠ, ಡಿಎನ್‌ಎ ಇರುವ ಪಾಠ. ಇವು ದೊಡ್ಡವು, ಅರ್ಥ ಆಗೋಕೆ ಸಮಯ ಬೇಕು, ಸುಸ್ತಾದ ತಲೆಯಿಂದ ಆಗುವ ಕೆಲಸ ಅಲ್ಲ. ಬೆಳಗಿನ ಹೊತ್ತು ಇವಕ್ಕೆ ಕೊಡಿ. ಮಧ್ಯಾಹ್ನ ಊಟದ ಮೇಲೆ ಕಣ್ಣು ಎಳೆಯುವ ಹೊತ್ತಿಗೆ ಚಿತ್ರ ಬಿಡಿಸಿ, ಕೈಗೆ ಕೆಲಸ ಇದ್ದರೆ ನಿದ್ದೆ ಬರಲ್ಲ. ಸಂಜೆಗೆ ಮಾನವ ಕಲ್ಯಾಣದಲ್ಲಿ ಸೂಕ್ಷ್ಮಜೀವಿಗಳು, ಪರಿಸರ ವ್ಯವಸ್ಥೆ, ಜೀವವೈವಿಧ್ಯ ಇಂಥ ಪಾಠ ಇಟ್ಟುಕೊಳ್ಳಿ.

ಸೂಕ್ಷ್ಮಜೀವಿಗಳ ಪಾಠವನ್ನು ಸಣ್ಣದು ಅಂತ ಬಿಡುವವರಿದ್ದಾರೆ. ಬಿಡಬೇಡಿ. ಇಡ್ಲಿ, ದೋಸೆ ಹಿಟ್ಟು ಉಬ್ಬೋದು, ಹಾಲು ಮೊಸರಾಗೋದು ಆ ಪಾಠದಲ್ಲೇ ಇದೆ. ಮನೆಯಲ್ಲಿ ದಿನಾ ನೋಡುವ ವಿಷಯಕ್ಕೆ ಅಂಕ ಬರುತ್ತದೆ ಅಂದರೆ ಯಾಕೆ ಬಿಡಬೇಕು? ಬಿಒಡಿ, ಅಂದರೆ ನೀರಿನಲ್ಲಿರುವ ಸಾವಯವ ಕೊಳೆಯನ್ನು ಬ್ಯಾಕ್ಟೀರಿಯಾ ಕರಗಿಸೋಕೆ ಬೇಕಾಗುವ ಆಮ್ಲಜನಕ. ಅದರ ವಿಷಯದಲ್ಲಿ ಮಾತ್ರ ಹುಷಾರು. ಬಿಒಡಿ ಜಾಸ್ತಿ ಅಂದರೆ ನೀರು ಜಾಸ್ತಿ ಕೊಳಕು. ಇದನ್ನು ಉಲ್ಟಾ ಬರೆಯುವವರು ಪ್ರತಿ ವರ್ಷ ಸಿಗುತ್ತಾರೆ.

ಜೀವವೈವಿಧ್ಯ ಸಂರಕ್ಷಣೆಯೂ ಹಾಗೇ. ದೇವರಕಾಡುಗಳಿಗೆ ಉದಾಹರಣೆಯಾಗಿ ಪುಸ್ತಕದಲ್ಲಿ ಕರ್ನಾಟಕ, ಮಹಾರಾಷ್ಟ್ರದ ಪಶ್ಚಿಮ ಘಟ್ಟದ ಹೆಸರಿದೆ. ಕೊಡಗು, ಮಲೆನಾಡಿನ ಕಡೆಯ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ, ಅಲ್ವಾ?

ಡಿಎನ್‌ಎ ಪಾಠದಲ್ಲಿ ವಿಜ್ಞಾನಿಗಳ ಹೆಸರು, ಪ್ರಯೋಗ, ವರ್ಷ ಎಲ್ಲಾ ಕಲಸಿಹೋಗುತ್ತೆ.

ಬೇರೆ ಬೇರೆ ಪ್ರಯೋಗಗಳು ಅಂತ ಓದಿದರೆ ಕಲಸಿಹೋಗೋದು ಸಹಜ. ಅವು ಒಂದೇ ಹುಡುಕಾಟದ ಹೆಜ್ಜೆಗಳು. ಒಬ್ಬರು ಬಿಟ್ಟ ಪ್ರಶ್ನೆಯನ್ನು ಇನ್ನೊಬ್ಬರು ಹಿಡಿದರು. ಆ ಕ್ರಮದಲ್ಲೇ ನೋಡಿ.

1928ರಲ್ಲಿ ಗ್ರಿಫಿತ್ ಇಲಿಗಳಿಗೆ ನ್ಯುಮೋನಿಯಾ ಬ್ಯಾಕ್ಟೀರಿಯಾ ಚುಚ್ಚಿದರು. ಅದರಲ್ಲಿ ಎರಡು ಬಗೆ, ರೋಗ ತರುವ ಎಸ್, ರೋಗ ತರದ ಆರ್. ಬಿಸಿ ಮಾಡಿ ಕೊಂದ ಎಸ್ ಬ್ಯಾಕ್ಟೀರಿಯಾ ಒಂದೇ ಕೊಟ್ಟರೆ ಇಲಿ ಬದುಕಿತು. ಜೀವಂತ ಆರ್ ಒಂದೇ ಕೊಟ್ಟರೂ ಬದುಕಿತು. ಎರಡನ್ನೂ ಸೇರಿಸಿ ಕೊಟ್ಟಾಗ ಸತ್ತಿತು. ಸತ್ತ ಇಲಿಯಲ್ಲಿ ಜೀವಂತ ಎಸ್ ಸಿಕ್ಕಿತು! ಅಂದರೆ ಸತ್ತ ಬ್ಯಾಕ್ಟೀರಿಯಾದಿಂದ ಏನೋ ಒಂದು ದಾಟಿ ಹೋಗಿದೆ. ಆ ಏನೋ ಯಾವುದು? ಆವರಿ, ಮೆಕ್ಲಿಯೋಡ್, ಮೆಕಾರ್ಟಿ ಅದನ್ನು ಹುಡುಕಿದರು. ಪ್ರೋಟೀನ್ ಕತ್ತರಿಸುವ ಕಿಣ್ವ ಹಾಕಿದರೂ ಬದಲಾವಣೆ ನಿಲ್ಲಲಿಲ್ಲ, ಆರ್‌ಎನ್‌ಎ ಕತ್ತರಿಸಿದರೂ ನಿಲ್ಲಲಿಲ್ಲ, ಡಿಎನ್‌ಎ ಕತ್ತರಿಸಿದಾಗ ನಿಂತಿತು. 1944ರಲ್ಲಿ ಇದನ್ನು ಪ್ರಕಟಿಸಿದರು. ಆದರೂ ಎಲ್ಲರೂ ಒಪ್ಪಲಿಲ್ಲ. 1952ರಲ್ಲಿ ಹರ್ಷಿ ಮತ್ತು ಚೇಸ್ ವೈರಸ್ ತೆಗೆದುಕೊಂಡರು. ಡಿಎನ್‌ಎಗೆ ವಿಕಿರಣಶೀಲ ರಂಜಕ, ಪ್ರೋಟೀನಿಗೆ ವಿಕಿರಣಶೀಲ ಗಂಧಕ. ಬ್ಯಾಕ್ಟೀರಿಯಾದ ಒಳಗೆ ಹೋದದ್ದು ರಂಜಕ. ವಾದ ಮುಗಿಯಿತು.

ಮುಂದಿನ ವರ್ಷವೇ, 1953ರಲ್ಲಿ, ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆ ಹೇಳಿದರು. ಎರಡು ಎಳೆ ಇದ್ದರೆ ಅದು ನಕಲಾಗೋದು ಹೇಗೆ? 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಭಾರವಾದ ನೈಟ್ರೋಜನ್ ಬಳಸಿ ತೋರಿಸಿದರು. ಪ್ರತಿ ಹೊಸ ಡಿಎನ್‌ಎಯಲ್ಲಿ ಒಂದು ಹಳೇ ಎಳೆ, ಒಂದು ಹೊಸ ಎಳೆ.

ಇದನ್ನು ತಂಗಿಗೋ ಗೆಳತಿಗೋ ಕಥೆಯ ಹಾಗೆ ಹೇಳಿ ನೋಡಿ. ಹೇಳುವಾಗ ಎಲ್ಲಿ ತಡವರಿಸಿದಿರೋ ಅಲ್ಲಿಗೆ ಮತ್ತೆ ಪುಸ್ತಕ ತೆಗೆಯಿರಿ. ನನಗೆ ಈ ಪಾಠ ಕಲಿಸುವಾಗ ಪ್ರತಿ ಸಲವೂ ಖುಷಿಯಾಗುತ್ತದೆ. ಕೊನೇ ಗಳಿಗೆಯ ಗಡಿಬಿಡಿಯಲ್ಲೂ ಅದರಲ್ಲಿ ಸ್ವಲ್ಪ ನಿಮಗೂ ಸಿಗಲಿ ಅಂತ ಇಷ್ಟು ಬರೆದೆ.

ಜೆನೆಟಿಕ್ಸ್ ಲೆಕ್ಕ ಬಂದರೆ ಕೈ ನಡುಗುತ್ತೆ.

ಲೆಕ್ಕದ ಜಾತಿಗಳು ಬಹಳ ಇಲ್ಲ. ಒಂದು ಗುಣದ ಸಂಕರಣ, ಅನುಪಾತ 3:1. ಎರಡು ಗುಣದ್ದು, 9:3:3:1. ಸ್ನ್ಯಾಪ್‌ಡ್ರ್ಯಾಗನ್ ಹೂವಿನ ಅಪೂರ್ಣ ಪ್ರಬಲತೆ, 1:2:1. ರಕ್ತದ ಗುಂಪು. ಎಕ್ಸ್ ಕ್ರೋಮೋಸೋಮಿನ ಮೇಲಿರುವ ಬಣ್ಣಗುರುಡು, ಹಿಮೋಫೀಲಿಯಾ. ಪ್ರತಿಯೊಂದನ್ನೂ ಒಂದು ಸಲ ಪೂರ್ತಿ ಚೌಕ (ಪನೆಟ್ ಚೌಕ) ಹಾಕಿ ಮಾಡಿ.

ಜಾಸ್ತಿ ಜನ ಎಡವೋದು ಬಣ್ಣಗುರುಡಿನ ಲೆಕ್ಕದಲ್ಲಿ. ತಾಯಿ ವಾಹಕಿ (ತನಗೆ ತೊಂದರೆ ಇಲ್ಲದಿದ್ದರೂ ಬಣ್ಣಗುರುಡಿನ ಜೀನ್ ಹೊತ್ತವಳು), ತಂದೆಗೆ ಬಣ್ಣ ಸರಿಯಾಗಿ ಕಾಣುತ್ತದೆ ಅಂದುಕೊಳ್ಳಿ. ಗಂಡುಮಕ್ಕಳಲ್ಲಿ ಬಣ್ಣಗುರುಡು ಬರುವ ಸಾಧ್ಯತೆ ಅರ್ಧಕ್ಕರ್ಧ. ಹೆಣ್ಣುಮಕ್ಕಳಲ್ಲಿ ಯಾರಿಗೂ ಬರಲ್ಲ, ವಾಹಕಿ ಆಗುವ ಸಾಧ್ಯತೆ ಮಾತ್ರ ಅರ್ಧಕ್ಕರ್ಧ. ಪ್ರಶ್ನೆ ಗಂಡುಮಕ್ಕಳಲ್ಲಿ ಎಷ್ಟು ಅಂತ ಕೇಳಿದೆಯೋ, ಒಟ್ಟು ಮಕ್ಕಳಲ್ಲಿ ಎಷ್ಟು ಅಂತ ಕೇಳಿದೆಯೋ ನೋಡಿಕೊಳ್ಳಿ. ಮೊದಲನೆಯದಕ್ಕೆ ಉತ್ತರ ಶೇ 50, ಎರಡನೆಯದಕ್ಕೆ ಶೇ 25. ಚೌಕ ಸರಿಯಾಗಿ ಹಾಕಿ ಕೊನೇ ಸಾಲಿನಲ್ಲಿ ಅಂಕ ಕಳೆದುಕೊಂಡವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಚಿತ್ರ ಬಿಡಿಸೋಕೆ ಬರಲ್ಲ. ಬರೀ ಉತ್ತರ ಬರೆದರೆ ನಡೆಯುತ್ತಾ?

ಚಿತ್ರವನ್ನೇ ಕೇಳಿದ ಪ್ರಶ್ನೆಗೆ ನಡೆಯಲ್ಲ. ನಿಮ್ಮ ಚಿತ್ರ ಸುಂದರವಾಗಿ ಇರಬೇಕಾಗಿಲ್ಲ. ಭಾಗಗಳು ಸರಿಯಾದ ಜಾಗದಲ್ಲಿರಬೇಕು, ಹೆಸರು ಇರಬೇಕು. ಪ್ರಶ್ನೆಪತ್ರಿಕೆಯ ಮೇಲೆ ಸೂಚನೆ ಇರುತ್ತದೆ, ಭಾಗಗಳನ್ನು ಹೆಸರಿಸದ ಚಿತ್ರಕ್ಕೆ ಅಂಕ ಇಲ್ಲ ಅಂತ. ಶೇಡ್ ಮಾಡುತ್ತಾ ಕೂತು ಹೆಸರು ಬರೆಯೋದು ಮರೆತರೆ ಆ ಶ್ರಮ ಪೂರ್ತಿ ನೀರಿಗೆ ಹೋಗುತ್ತದೆ.

ಪೆನ್ಸಿಲ್‌ನಲ್ಲಿ ಬಿಡಿಸಿ. ದೊಡ್ಡದಾಗಿ ಬಿಡಿಸಿ. ಗೆರೆಗಳು ಒಂದನ್ನೊಂದು ದಾಟದ ಹಾಗೆ ಒಂದೇ ಕಡೆ ಹೆಸರು ಬರೆಯಿರಿ. ವೀರ್ಯಾಣು, ಅಂಡಾಶಯದ ಒಳನೋಟ, ಪ್ರೌಢ ಭ್ರೂಣಕೋಶ, ಲ್ಯಾಕ್ ಓಪೆರಾನ್, ಆಂಟಿಬಾಡಿ ಅಣು, ಪಿಬಿಆರ್ 322 ಪ್ಲಾಸ್ಮಿಡ್, ಇವನ್ನು ಪುಸ್ತಕ ನೋಡದೆ ಬಿಡಿಸೋಕೆ ಬರಲೇಬೇಕು.

ಭ್ರೂಣಕೋಶದ ಬಗ್ಗೆ ಒಂದು ಮಾತು. ಏಳು ಕೋಶ, ಎಂಟು ನ್ಯೂಕ್ಲಿಯಸ್ ಅಂತ ಎಲ್ಲರೂ ಬರೆಯುತ್ತಾರೆ. ಯಾಕೆ ಹಾಗೆ ಅಂದರೆ ಬಾಯಿ ಬರಲ್ಲ. ಮೈಕ್ರೋಪೈಲ್ ಕಡೆ ಒಂದು ಅಂಡ, ಎರಡು ಸಿನರ್ಜಿಡ್. ಎದುರು ತುದಿಯಲ್ಲಿ ಮೂರು ಆಂಟಿಪೋಡಲ್. ನಡುವೆ ಒಂದು ದೊಡ್ಡ ಕೋಶ, ಅದರೊಳಗೆ ಎರಡು ನ್ಯೂಕ್ಲಿಯಸ್. ಎಣಿಸಿ ನೋಡಿ, ಸರಿ ಬರುತ್ತದೆ. ಹೀಗೆ ಅರ್ಥ ಆದ ಚಿತ್ರ ಮರೆಯಲ್ಲ. ಎರಡು ಗಂಡು ನ್ಯೂಕ್ಲಿಯಸ್‌ಗಳಲ್ಲಿ ಒಂದು ಅಂಡದ ಜೊತೆ, ಇನ್ನೊಂದು ನಡುವಿನ ಆ ಎರಡರ ಜೊತೆ ಸೇರುತ್ತದೆ ಅನ್ನೋದೂ ಅಲ್ಲೇ ಕಾಣುತ್ತದೆ. ಇಮ್ಮಡಿ ನಿಷೇಚನ ಅಂದರೆ ಇಷ್ಟೇ.

ಮಾನವ ಸಂತಾನೋತ್ಪತ್ತಿ ಪಾಠ ಮನೆಯಲ್ಲಿ ಕೂತು ಓದೋಕೆ ಮುಜುಗರ.

ಗೊತ್ತು. ಒಂದೇ ಕೋಣೆಯಲ್ಲಿ ಎಲ್ಲರೂ ಇರುವ ಮನೆಯಲ್ಲಿ ಆ ಪುಟ ತೆಗೆಯೋಕೆ ಹಿಂಜರಿಯುವ ಮಕ್ಕಳು ಬಹಳ ಇದ್ದಾರೆ. ಹುಡುಗಿಯರು ಮಾತ್ರ ಅಲ್ಲ, ಹುಡುಗರೂ. ಇದರಿಂದ ಎರಡು ಪಾಠ ಪೂರ್ತಿ ಬಿಟ್ಟು ಪರೀಕ್ಷೆಗೆ ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾಲೇಜಿನ ಲೈಬ್ರರಿಯಲ್ಲಿ ಅಥವಾ ಗೆಳತಿಯ ಮನೆಯಲ್ಲಿ ಓದಿ. ಇದು ನಿಮ್ಮದೇ ದೇಹದ ವಿಷಯ. ಪರೀಕ್ಷೆ ಮುಗಿದ ಮೇಲೂ ಬದುಕಿನಲ್ಲಿ ಬೇಕಾಗುವ ಪಾಠ ಯಾವುದು ಅಂತ ನನ್ನನ್ನು ಕೇಳಿದರೆ, ಮೊದಲು ಇದನ್ನೇ ಹೇಳುತ್ತೇನೆ.

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಪದಗಳ ಸ್ಪೆಲ್ಲಿಂಗೇ ಬರಲ್ಲ.

ಎರಡು ವರ್ಷ ಈ ಭಾರ ಹೊತ್ತುಕೊಂಡೇ ಇಲ್ಲಿವರೆಗೆ ಬಂದಿದ್ದೀರಿ. ಅದು ಸಣ್ಣ ಮಾತಲ್ಲ. ವಿಷಯ ಅರ್ಥವಾಗಿದ್ದೂ ಪದ ಬಾರದೆ ಸುಮ್ಮನಾಗುವ ಎಷ್ಟೋ ಜಾಣ ಮಕ್ಕಳನ್ನು ನೋಡಿದ್ದೇನೆ.

ಮೊದಲು ಇಡೀ ವಿಷಯವನ್ನು ಕನ್ನಡದಲ್ಲೇ ಬಾಯಿಬಿಟ್ಟು ಹೇಳಿಕೊಳ್ಳಿ. ಅದು ಗಟ್ಟಿಯಾದ ಮೇಲೆ ಇಂಗ್ಲಿಷ್ ಪದಗಳನ್ನು ಅದರೊಳಗೆ ಕೂರಿಸಿ. ಉದ್ದ ಪದವನ್ನು ಒಡೆದು ನೋಡಿ. ಸ್ಪರ್ಮ್ಯಾಟೋಜೆನೆಸಿಸ್ ಅಂದರೆ ಸ್ಪರ್ಮ್ ಹುಟ್ಟೋದು, ಊಜೆನೆಸಿಸ್ ಅಂದರೆ ಅಂಡ ಹುಟ್ಟೋದು. ಜೆನೆಸಿಸ್ ಅಂದರೆ ಹುಟ್ಟು ಅಂತ ಒಮ್ಮೆ ತಿಳಿದರೆ ಎಂಬ್ರಿಯೋಜೆನೆಸಿಸ್ ತಾನಾಗೇ ಬರುತ್ತದೆ. ಪ್ರತಿ ಪಾಠದಿಂದ ತೀರಾ ಬೇಕಾದ ಹತ್ತು ಪದ ಆರಿಸಿಕೊಂಡು ಬರೆದು ಅಭ್ಯಾಸ ಮಾಡಿ. ವಾಕ್ಯ ಸಣ್ಣದಿರಲಿ. ಒಂದು ವಾಕ್ಯಕ್ಕೆ ಒಂದು ಅಂಶ ಸಾಕು. ಮೌಲ್ಯಮಾಪಕರು ಇಂಗ್ಲಿಷಿನ ಸೊಗಸು ಹುಡುಕಲ್ಲ, ಮುಖ್ಯ ಅಂಶಗಳನ್ನು ಹುಡುಕುತ್ತಾರೆ.

ನೀಟ್‌ಗೆ ಓದಿದ್ದೀನಿ. ಬೋರ್ಡ್ ಪರೀಕ್ಷೆಗೆ ಬೇರೆ ಓದಬೇಕಾ?

ಓದಬೇಕಾಗಿಲ್ಲ, ಬರೆಯಬೇಕು. ನೀಟ್‌ನಲ್ಲಿ ಸರಿಯುತ್ತರ ನಾಲ್ಕರಲ್ಲಿ ಒಂದಾಗಿ ಎದುರಿಗೇ ಇರುತ್ತದೆ, ಗುರುತಿಸಿದರೆ ಆಯಿತು. ಇಲ್ಲಿ ಐದು ಅಂಕಕ್ಕೆ ಲ್ಯಾಕ್ ಓಪೆರಾನ್ ವಿವರಿಸಿ ಅಂದರೆ ಮೊದಲಿಂದ ಕೊನೇವರೆಗೆ ನೀವೇ ಕಟ್ಟಬೇಕು. ನೀಟ್ ಮಕ್ಕಳು ಇಲ್ಲೇ ಅಂಕ ಬಿಡುತ್ತಾರೆ. ಪ್ರತಿ ಪಾಠದಿಂದ ಒಂದು ದೊಡ್ಡ ಉತ್ತರವನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ, ಸಾಕು.

ಇನ್ನೊಂದು ವ್ಯತ್ಯಾಸ. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ. ಬೋರ್ಡ್ ಪರೀಕ್ಷೆಯಲ್ಲಿ ಕಳೆಯಲ್ಲ. ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಪಾಸಾದರೆ ಸಾಕು ಅನ್ನುವ ಪರಿಸ್ಥಿತಿ. ಪಾಸಿಂಗ್ ಪ್ಯಾಕೇಜ್ ಒಂದೇ ಓದಲಾ?

ಓದಿ. ಪಾಸಾಗೋಕೆ ಬೇಕಾದಷ್ಟನ್ನೇ ಆರಿಸಿ ಕೊಡುವ ಆ ಸಣ್ಣ ನೋಟ್ಸ್ ಓದೋದರಲ್ಲಿ ನಾಚಿಕೆ ಪಡುವುದು ಏನೂ ಇಲ್ಲ. ಮನೆಯ ಕಷ್ಟ, ಕಾಯಿಲೆ, ಕೆಲಸ, ಕಾರಣ ನೂರು ಇರುತ್ತವೆ. ಪ್ರಾಕ್ಟಿಕಲ್‌ನ 30 ಅಂಕ ಬೇರೆ ಇದೆ, ಥಿಯರಿ 70. ಅದರಲ್ಲಿ ಭಾಗ ಎ 20 ಅಂಕದ್ದು, ಎಲ್ಲಾ ಒಂದೊಂದು ಅಂಕದ ಪ್ರಶ್ನೆ. ಆಮೇಲೆ ಎರಡು, ಮೂರು, ಐದು ಅಂಕದವು, ಅವುಗಳಲ್ಲಿ ಆಯ್ಕೆ ಇರುತ್ತದೆ. ಮಂಡಳಿ ಬಿಡುವ ಮಾದರಿ ಪ್ರಶ್ನೆಪತ್ರಿಕೆ ಒಮ್ಮೆ ನೋಡಿದರೆ ಇದೆಲ್ಲ ಸ್ಪಷ್ಟ ಆಗುತ್ತದೆ. ಪ್ಯಾಕೇಜಿನ ಚಿತ್ರಗಳು, ಪಾಠದ ಕೊನೆಯ ಸಾರಾಂಶ, ಹಳೇ ಪ್ರಶ್ನೆಪತ್ರಿಕೆಯ ಒಂದು ಅಂಕದ ಪ್ರಶ್ನೆಗಳು, ಈ ಮೂರನ್ನು ಗಟ್ಟಿ ಮಾಡಿ.

ವಾಟ್ಸಾಪ್‌ನಲ್ಲಿ ನಾಳೆಯ ಪ್ರಶ್ನೆಪತ್ರಿಕೆ ಅಂತ ಬಂದಿದೆ. ನೋಡಲಾ?

ಬೇಡ. ಡಿಲೀಟ್ ಮಾಡಿ, ಯಾರಿಗೂ ಕಳಿಸಬೇಡಿ.

ರಾತ್ರಿಯಿಡೀ ಕೂತು ಓದಲಾ?

ಕೂರಬೇಡಿ. ಓದಿದ್ದು ಮೆದುಳಿನಲ್ಲಿ ಗಟ್ಟಿಯಾಗುವ ಕೆಲಸ ನಿದ್ದೆಯಲ್ಲೂ ನಡೆಯುತ್ತದೆ. ನಿದ್ದೆಗೆಟ್ಟು ಹೋದವರು ಪ್ರಶ್ನೆಯನ್ನೇ ತಪ್ಪಾಗಿ ಓದುತ್ತಾರೆ. ಟ್ರಾನ್ಸ್‌ಕ್ರಿಪ್ಷನ್ ಕೇಳಿದರೆ ಟ್ರಾನ್ಸ್‌ಲೇಷನ್ ಬರೆದು ಬರುತ್ತಾರೆ. ಹತ್ತೂವರೆಗೆ ಮಲಗಿ ಐದಕ್ಕೆ ಎದ್ದರೆ ಎಲ್ಲ ಲೆಕ್ಕದಲ್ಲೂ ಲಾಭವೇ. ಮಲಗುವ ಮುಂಚೆ ಹಾಲ್ ಟಿಕೆಟ್, ಎರಡು ಪೆನ್ನು, ಚೂಪು ಮಾಡಿದ ಪೆನ್ಸಿಲ್, ರಬ್ಬರ್, ಸ್ಕೇಲ್ ಬ್ಯಾಗಿಗೆ ಹಾಕಿಡಿ. ಬಸ್ಸಿನಲ್ಲಿ ಬರುವವರು ಒಂದು ಬಸ್ ಮುಂಚೆಯೇ ಹೊರಡಿ.

ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಎಲ್ಲಾ ಮರೆತುಹೋದರೆ?

ಮೊದಲ ಎರಡು ನಿಮಿಷ ಹಾಗೆ ಅನ್ನಿಸೋದು ಮಾಮೂಲಿ. ಪೂರ್ತಿ ಪತ್ರಿಕೆ ಒಮ್ಮೆ ಓದಿ, ಚೆನ್ನಾಗಿ ಬರುವ ಪ್ರಶ್ನೆಗಳಿಗೆ ಗುರುತು ಹಾಕಿ. ಚಿತ್ರ ಬಿಡಿಸುವ ಒಂದು ಪ್ರಶ್ನೆಯಿಂದ ಶುರು ಮಾಡಿದರೆ ಕೈ ಸ್ಥಿಮಿತಕ್ಕೆ ಬರುತ್ತದೆ. ಭಾಗ ಎ ಮಾತ್ರ ಯೋಚಿಸಿ ಬರೆಯಿರಿ. ಅಲ್ಲಿ ಮೊದಲು ಬರೆದ ಉತ್ತರವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಕೆಳಗೆ ಇನ್ನೊಂದು ಸಲ ಸರಿಯಾಗಿ ಬರೆದರೂ ಉಪಯೋಗ ಇಲ್ಲ. ಪ್ರಶ್ನೆ ಸಂಖ್ಯೆ ಸ್ಪಷ್ಟವಾಗಿ ಹಾಕಿ.

ಐದು ಅಂಕದ ಉತ್ತರವನ್ನು ಅಂಶ ಅಂಶವಾಗಿ ಬರೆಯಿರಿ. ಪಿಸಿಆರ್ (ಡಿಎನ್‌ಎ ತುಂಡಿನ ಬಹಳಷ್ಟು ನಕಲು ಮಾಡುವ ವಿಧಾನ) ಬಂದರೆ ಮೂರು ಹಂತ, ಪ್ರತಿ ಹಂತದಲ್ಲಿ ಏನಾಗುತ್ತದೆ, ಟ್ಯಾಕ್ ಪಾಲಿಮರೇಸ್ ಕಿಣ್ವ ಎಲ್ಲಿಂದ ಬಂತು, ಬಿಸಿಯಲ್ಲೂ ಯಾಕೆ ಕೆಡಲ್ಲ. ಇಷ್ಟು ಇದ್ದರೆ ಪುಟಗಟ್ಟಲೆ ಬೇಕಾಗಿಲ್ಲ.

ನಾನು ತಾಯಿ. ಮಗಳು ಊಟ ಬಿಟ್ಟು ಅಳುತ್ತಾ ಓದುತ್ತಿದ್ದಾಳೆ. ಏನು ಮಾಡಲಿ?

ಎಷ್ಟು ಮುಗಿಯಿತು ಅಂತ ಕೇಳಬೇಡಿ ಅಮ್ಮ. ಪಕ್ಕದ ಮನೆ ಹುಡುಗನ ಮಾತು ಎತ್ತಬೇಡಿ. ತಟ್ಟೆ ತಗೊಂಡು ಹೋಗಿ ಪಕ್ಕದಲ್ಲಿ ಕೂತು, ಒಂದು ಪಾಠ ನನಗೆ ಹೇಳು ಅನ್ನಿ. ನಿಮಗೆ ಬಯಾಲಜಿ ಗೊತ್ತಿರಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳುವಾಗಲೇ ಅವಳಿಗೆ ಪಾಠ ಗಟ್ಟಿಯಾಗೋದು. ಅಳು ನಿಲ್ಲುತ್ತಲೇ ಇಲ್ಲ, ನಿದ್ದೆ ಇಲ್ಲ, ಬದುಕೇ ಬೇಡ ಅನ್ನುವ ಮಾತು ಬಂದರೆ ಪುಸ್ತಕ ಪಕ್ಕಕ್ಕಿಡಿಸಿ. ಅವಳನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಆಗಲೇ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಪರೀಕ್ಷೆ ಚೆನ್ನಾಗಿ ಆಗದಿದ್ದರೆ ಒಂದು ವರ್ಷ ಹೋಯಿತಾ?

ಹೋಗಲ್ಲ. 2024ರಿಂದ ನಮ್ಮಲ್ಲಿ ಪರೀಕ್ಷೆ 1, ಪರೀಕ್ಷೆ 2 ಅಂತ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳೋಕೆ ಬರೆಯಬಹುದು, ಜಾಸ್ತಿ ಬಂದ ಅಂಕವನ್ನೇ ಇಟ್ಟುಕೊಳ್ಳಬಹುದು. ಅಂಕದ ಬಗ್ಗೆ ಅನುಮಾನ ಇದ್ದರೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ, ಆಮೇಲೆ ಮರುಮೌಲ್ಯಮಾಪನಕ್ಕೆ ಹಾಕಬಹುದು. ಇದಕ್ಕೆಲ್ಲ ಕೊನೇ ದಿನಾಂಕ ಇರುತ್ತದೆ, ಮಂಡಳಿಯ ಪ್ರಕಟಣೆ ನೋಡುತ್ತಿರಿ. ಪರೀಕ್ಷೆ 2ಕ್ಕೆ ಕಟ್ಟಬೇಕಾ ಬೇಡವಾ ಅಂತ ಗೊಂದಲ ಆದರೆ ಫಲಿತಾಂಶ ಬಂದ ವಾರದಲ್ಲೇ ನಿಮ್ಮ ಕಾಲೇಜಿನ ಲೆಕ್ಚರರ್ ಹತ್ತಿರ ಹೋಗಿ. ಬರೆದ ಉತ್ತರ ಎದುರಿಗಿಟ್ಟುಕೊಂಡು ಎಲ್ಲಿ ಅಂಕ ಹೋಯಿತು ಅಂತ ಅವರ ಜೊತೆ ಕೂತು ನೋಡಿ.